ಹನ್ನೆರಡು ಪೌಂಡಿನ ಸೋಡಾ

ಧರ್ಣಪ್ಪ: ಅಡುಗೆ ಗ್ಯಾಸಿನದ್ದಲ್ಲ ಮಾರಾಯ್ರೆ. ಇದು ನಾಲ್ಕನೇ ಸಲ ಹೇಳುವುದು.

ನಾಸಿರ್: ನಾಲ್ಕು ಸಲವೂ ನೀವು ಹೇಳಿದ್ದು ಯಾವುದು ಅಲ್ಲ ಅಂತ. ಅಡುಗೆಯದ್ದಲ್ಲ, ವೆಲ್ಡಿಂಗಿನದ್ದಲ್ಲ, ಫ್ಯಾನಿನದ್ದೂ ಅಲ್ಲ. ಮತ್ತೆ ಎಂತದ್ದರ ರೆಗ್ಯುಲೇಟರ್ ಅಂತ ಹೇಳಬೇಕಲ್ಲ?

ಧರ್ಣಪ್ಪ: ಗ್ಯಾಸಿನದ್ದು.

ನಾಸಿರ್: ಯಾವ ಗ್ಯಾಸ್?

ಧರ್ಣಪ್ಪ: ಸಾಧಾರಣ ಗ್ಯಾಸ್.

ನಾಸಿರ್: ಸಾಧಾರಣ ಗ್ಯಾಸಿಗೆ ಎದುರು ಮೆಡಿಕಲ್ ಉಂಟು. ಓಮದ ನೀರು ಕೊಡ್ತಾರೆ.

ಕಲ್ಲಡ್ಕದ ಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಅಬ್ದುಲ್ ನಾಸಿರನ ಅಂಗಡಿಯಲ್ಲಿ ಗ್ಯಾಸ್ ಒಲೆ, ವೆಲ್ಡಿಂಗ್ ಸಾಮಾನು, ರಬ್ಬರ್ ಪೈಪು, ಎಲ್ಲವೂ ಉಂಟು. ಎರಡು ಸಾವಿರದ ಮೂರನೇ ಇಸವಿಯ ಒಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆ. ಇನ್ನು ಅರ್ಧ ಗಂಟೆಯಲ್ಲಿ ನಾಸಿರ್ ಜುಮಾ ನಮಾಜಿಗೆ ಬಾಗಿಲು ಹಾಕಬೇಕು. ಅಷ್ಟರೊಳಗೆ ಧರ್ಣಪ್ಪ ತನಗೆ ಬೇಕಾದ್ದನ್ನು ಕೊಂಡುಕೊಳ್ಳಬೇಕು, ಏನು ಕೊಂಡೆ ಎಂದು ಮಾತ್ರ ನಾಸಿರನಿಗೆ ತಿಳಿಯಬಾರದು.

ಈ ಇಕ್ಕಟ್ಟನ್ನು ಧರ್ಣಪ್ಪ ಬೇರೆ ಯಾರ ಸಹಾಯವೂ ಇಲ್ಲದೆ ತಾನೇ ಕಟ್ಟಿಕೊಂಡದ್ದು. ಮದುವೆಗೆ ಮುಂಚೆ ಅವನು ಬೊಂಬಾಯಿಯ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ಇದ್ದ, ಅಷ್ಟು ನಿಜ. ಅಲ್ಲಿಯ ಬಾರಿನಲ್ಲಿ ಬೀರಿನ ಟ್ಯಾಪಿಗೆ ತಾನೇ ಇನ್‌ಚಾರ್ಜ್ ಆಗಿದ್ದೆ ಎಂಬುದು ಊರಿಗೆ ಬಂದ ಮೇಲೆ ಸೇರಿಸಿದ್ದು. ಅವನು ಇದ್ದದ್ದು ಅಡುಗೆಮನೆಯ ಹಿಂದಿನ ಮೂಲೆಯಲ್ಲಿ. ಆದರೆ ಊರಿಗೆ ಬಂದವನು ಮೂಲೆಯ ವಿಷಯ ಹೇಳಿದರೆ ಕೇಳುವವರು ಯಾರು? ಹಾಗೆ ಇಪ್ಪತ್ತೇಳು ವರ್ಷ ಅವನು ಟ್ಯಾಪು ತಿರುಗಿಸುತ್ತಲೇ ಬಂದ. ಕಳೆದ ವಾರ ಇಸ್ಪೀಟಿನ ಜೊತೆಗಾರ ಸುಬ್ಬಯ್ಯ ಮಾಸ್ಟ್ರು, "ಸಾಯುವುದರೊಳಗೆ ನಮಗೂ ಒಮ್ಮೆ ತೋರಿಸು ಮಾರಾಯ" ಎಂದುಬಿಟ್ಟರು. ಧರ್ಣಪ್ಪ ಎದೆ ಉಬ್ಬಿಸಿ ಭಾನುವಾರ ಬನ್ನಿ ಅಂದ. ಎದೆ ಉಬ್ಬಿಸುವ ಮೊದಲು ಒಂದು ನಿಮಿಷ ಯೋಚಿಸುವ ಅಭ್ಯಾಸ ಅವನಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮಂಗಳೂರಿನ ಬಾರೊಂದರಲ್ಲಿ ಕೆಲಸಕ್ಕಿರುವ ಅವನ ತಂಗಿಯ ಮಗ ಜಿತೇಶ್, ಹಳೆಯ ಬ್ಯಾರೆಲೊಂದಕ್ಕೆ ಬೀರು ತುಂಬಿಸಿ, ಟ್ಯಾಪು, ಗ್ಯಾಸ್ ಸಿಲಿಂಡರಿನ ಸಮೇತ ಭಾನುವಾರ ಬೆಳಿಗ್ಗೆ ತಂದುಕೊಡಲು ಒಪ್ಪಿದ್ದ. ರೆಗ್ಯುಲೇಟರ್ ಮಾತ್ರ ಹಾಳಾಗಿತ್ತು. "ಒಂದು ಹೊಸತು ತಗೊಳ್ಳಿ ಮಾವ, ಹನ್ನೆರಡು ಪೌಂಡ್ ಒತ್ತಡಕ್ಕೆ ಇಟ್ಟರೆ ಸಾಕು. ನಿಮಗೆ ಇದೆಲ್ಲ ಗೊತ್ತುಂಟಲ್ಲ" ಎಂದಿದ್ದ. ಗೊತ್ತಿಲ್ಲ ಎನ್ನುವ ದಾರಿಯನ್ನು ಧರ್ಣಪ್ಪ ತಾನೇ ಎಂದೋ ಮುಚ್ಚಿಕೊಂಡಿದ್ದ.

ಬಂಟ್ವಾಳದಲ್ಲಿ ಎರಡು ಅಂಗಡಿ ಹುಡುಕಿದ್ದಾಯಿತು. ಇಂಥದ್ದು ಬೇಕಾದರೆ ನಾಸಿರನಲ್ಲಿ ಕೇಳಿ ಎಂದರು. ಆದರೆ ಕುಡಿತದ ಕೆಲಸಕ್ಕೆ ಈ ಅಂಗಡಿಯಿಂದ ಒಂದು ಸ್ಕ್ರೂ ಕೂಡ ಹೋಗಬಾರದು ಎಂದು ನಾಸಿರನ ತಂದೆ ಮೊಯಿದಿನಬ್ಬ ಕಟ್ಟಪ್ಪಣೆ ಮಾಡಿದ್ದರು. ಅವರು ತೀರಿಕೊಂಡು ಆರು ವರ್ಷವಾದರೂ ನಾಸಿರ್ ಅದನ್ನು ಮೀರಿದವನಲ್ಲ. ಇತ್ತ ಹೆಂಡತಿ ಸೇಸಮ್ಮನಿಗೆ ಧರ್ಣಪ್ಪ ಹೇಳಿದ್ದು ಸೋಡಾ ಅಂತ. ಆದ್ದರಿಂದ ಇಲ್ಲಿಯೂ ಸೋಡಾವೇ ಗತಿ.

ಧರ್ಣಪ್ಪ: ಸೋಡಾಕ್ಕೆ.

ನಾಸಿರ್: ಹಾಗೆ ಹೇಳಿ. ಸೋಡಾದ ಅಂಗಡಿ ಹಾಕ್ತೀರಾ?

ಧರ್ಣಪ್ಪ: ಇಲ್ಲ. ಮನೆಯಲ್ಲಿಯೇ ಸೋಡಾ ತಯಾರಿಸುವ ಒಂದು ಯೋಜನೆಯನ್ನು ಹಮ್ಮಿಕೊಂಡಿದ್ದೇನೆ.

ನಾಸಿರ್: ಹಮ್ಮಿಕೊಂಡಿದ್ದೀರಾ. ಪಂಚಾಯತಿನಿಂದ ಸಬ್ಸಿಡಿ ಉಂಟಾ?

ಇವರಿಬ್ಬರೂ ಇಪ್ಪತ್ತು ವರ್ಷದಿಂದ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇವತ್ತು ಧರ್ಣಪ್ಪ ಮೆಟ್ಟಿಲು ಹತ್ತುವಾಗಲೇ "ನಮಸ್ಕಾರ, ವ್ಯಾಪಾರ ಹೇಗೆ ನಡೆಯುತ್ತಿದೆ" ಎಂದು ಶಾಲೆಯ ಕನ್ನಡದಲ್ಲಿ ಶುರು ಮಾಡಿದ್ದ. ದೊಡ್ಡ ವ್ಯವಹಾರಕ್ಕೆ ಕನ್ನಡದ ಗಾಂಭೀರ್ಯ ಬೇಕು ಎಂದು ಅವನ ಲೆಕ್ಕ. ನಾಸಿರ್ ಒಮ್ಮೆ ಅವನ ಮುಖ ನೋಡಿ ತಾನೂ ಕನ್ನಡಕ್ಕೆ ಬಂದಿದ್ದ.

ನಾಸಿರ್ ಸ್ಟೂಲು ಹತ್ತಿ ಮೇಲಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ. ಒಳಗೆ ಹಿತ್ತಾಳೆಯ ಹೊಳಪಿನ ರೆಗ್ಯುಲೇಟರ್, ಮೇಲೆ ಎರಡು ಮೀಟರ್.

ನಾಸಿರ್: ಈ ಮೀಟರ್ ಸಿಲಿಂಡರಿನಲ್ಲಿ ಎಷ್ಟುಂಟು ಅಂತ ತೋರಿಸ್ತದೆ. ಇದು ನಿಮ್ಮ ಸೋಡಾಕ್ಕೆ ಎಷ್ಟು ಹೋಗ್ತದೆ ಅಂತ. ಸೋಡಾ ಅಂದರೆ ಒಂದು ಅರುವತ್ತು ಪೌಂಡಿಗೆ ಇಡಿ. ಮೂಗಿಗೆ ಹತ್ತಬೇಕು.

ಧರ್ಣಪ್ಪ: ಅಷ್ಟು ಬೇಡ. ಹನ್ನೆರಡು ಪೌಂಡ್ ಸಾಕು.

ನಾಸಿರ್: ಹನ್ನೆರಡು? ನಿಮ್ಮ ಸ್ಕೂಟರಿನ ಹಿಂದಿನ ಚಕ್ರಕ್ಕೆ ಎಷ್ಟು ಹೊಡೆಸ್ತೀರಿ?

ಧರ್ಣಪ್ಪ: ಮೂವತ್ತು.

ನಾಸಿರ್: ಹಾಗಾದರೆ ನಿಮ್ಮ ಸೋಡಾಕ್ಕಿಂತ ನಿಮ್ಮ ಟಯರು ಕುಡಿಯಲಿಕ್ಕೆ ಒಳ್ಳೆಯದು.

ಧರ್ಣಪ್ಪ: ನಮ್ಮ ಮನೆಯಲ್ಲಿ ಖಾರದ ಸೋಡಾ ಯಾರಿಗೂ ಆಗುವುದಿಲ್ಲ. ಇದು ಸೌಮ್ಯ ಸೋಡಾ.

ನಾಸಿರ್: ಸೌಮ್ಯ ಸೋಡಾ. ಆಗಲಿ. ಹನ್ನೆರಡಕ್ಕೂ ಇದೇ ಆಗ್ತದೆ, ಈ ತಿರುಪು ಎಡಕ್ಕೆ ತಿರುಗಿಸಿದರೆ ಕಮ್ಮಿ, ಬಲಕ್ಕೆ ತಿರುಗಿಸಿದರೆ ಜಾಸ್ತಿ.

ಧರ್ಣಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಪಾಪ, ನಾಸಿರನಿಗೆ ಒಂದು ಚೂರೂ ಸಂಶಯ ಇಲ್ಲ, ತಾನು ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತೇನೆ ಎಂದು ತನಗೇ ಗೊತ್ತಿರಲಿಲ್ಲ ಎಂದುಕೊಂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಪೆಟ್ಟಿಗೆ ಎತ್ತಿಕೊಂಡು ಹೋಗಬಹುದಿತ್ತು. ಆದರೆ ಸುಬ್ಬಯ್ಯ ಮಾಸ್ಟ್ರ ಎದುರು ಗ್ಲಾಸು ಬರೀ ನೊರೆಯಾದರೆ ಏನು ಗತಿ ಎಂಬ ಹೆದರಿಕೆ ಬಿಡಲಿಲ್ಲ.

ಧರ್ಣಪ್ಪ: ಇದರಲ್ಲಿ ನೊರೆ ಎಷ್ಟು ಬರ್ತದೆ?

ನಾಸಿರ್: ಎಂತದ್ದು?

ಧರ್ಣಪ್ಪ: ನೊರೆ. ಗ್ಲಾಸಿನ ಮೇಲೆ ಎರಡು ಬೆರಳಿನಷ್ಟು ನಿಲ್ಲಬೇಕು. ಅದಕ್ಕಿಂತ ಜಾಸ್ತಿಯಾದರೆ ಮರ್ಯಾದೆ ಹೋಗ್ತದೆ.

ನಾಸಿರ್: ಸೋಡಾದಲ್ಲಿ ನೊರೆ ನಿಲ್ಲುವುದಿಲ್ಲ ಧರ್ಣಪ್ಪಣ್ಣ. ಸೋಡಾ ಅಂದರೆ ಯಾವ ಸೋಡಾ? ಬಟ್ಟೆ ಒಗೆಯುವುದಾ?

ಧರ್ಣಪ್ಪ: ಹೌದು. ಅಲ್ಲ.

ನಾಸಿರ್: ಒಗೆಯುವುದಾ ಕುಡಿಯುವುದಾ?

ಧರ್ಣಪ್ಪ: ಕುಡಿಯುವುದು.

ನಾಸಿರ್: ಕುಡಿಯುವ ಸೋಡಾದಲ್ಲಿ ನೊರೆ. ಸ್ವಲ್ಪ ಯೋಚನೆ ಮಾಡಿ ಹೇಳಿ. ಜೀರಿಗೆ ಸೋಡಾ ಇರಬೇಕು. ಜೀರಿಗೆ ಕಷಾಯ ಬೆರೆಸಿದರೆ ಸ್ವಲ್ಪ ನೊರೆ ಬಂದೀತು.

ಧರ್ಣಪ್ಪ: ಜೀರಿಗೆ. ಅದೇ ನನಗೆ ಬಾಯಿಗೆ ಬರಲಿಲ್ಲ.

ನಾಸಿರ್: ಬಣ್ಣ ಸ್ವಲ್ಪ ಹಳದಿ ಇರ್ತದೆ.

ಧರ್ಣಪ್ಪ: ಹಳದಿಯೇ. ನಿಮಗೆ ಹೇಗೆ ಗೊತ್ತಾಯ್ತು?

ನಾಸಿರ್: ಜೀರಿಗೆಯದ್ದು ಹಾಗೇ ಆಗ್ತದೆ. ಮಾಡುವುದು ಬ್ಯಾರೆಲಿನಲ್ಲಾ? ಎಷ್ಟು ಲೀಟರಿನದ್ದು?

ಧರ್ಣಪ್ಪ: ಮೂವತ್ತು.

ನಾಸಿರ್: ಎಷ್ಟು ಜನ ಬರುವುದು?

ಧರ್ಣಪ್ಪ: ಭಾನುವಾರಕ್ಕೆ, ನನ್ನನ್ನೂ ಸೇರಿಸಿ ಐದು.

ನಾಸಿರ್: ಐದು ಜನಕ್ಕೆ ಮೂವತ್ತು ಲೀಟರ್ ಜೀರಿಗೆ ಸೋಡಾ. ಮನೆಯಲ್ಲಿ ಕಕ್ಕಸು ಎಷ್ಟುಂಟು?

ಧರ್ಣಪ್ಪ: ಒಂದು.

ನಾಸಿರ್: ಅಲ್ಲಿಗೂ ಒಂದು ರೆಗ್ಯುಲೇಟರ್ ಬೇಕಾದೀತು.

ಧರ್ಣಪ್ಪ: ಹಾಗೆಂತ ಇಲ್ಲ. ಎಲ್ಲ ಮರ್ಯಾದಸ್ಥರು. ಕುಡಿದ ಮೇಲೆ ಯಾರೂ ಗಾಡಿ ಓಡಿಸುವುದಿಲ್ಲ, ಮೊದಲೇ ಮಾತಾಡಿ ಆಗಿದೆ.

ನಾಸಿರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಧರ್ಣಪ್ಪನಿಗೆ ತಾನು ಹೇಳಿದ್ದು ಏನು ಎಂದು ಆಮೇಲೆ ತಲೆಗೆ ಹೋಯಿತು.

ನಾಸಿರ್: ಸೋಡಾ ಕುಡಿದು ಯಾಕೆ ಗಾಡಿ ಓಡಿಸುವುದಿಲ್ಲ?

ಧರ್ಣಪ್ಪ: ಹೊಟ್ಟೆ ಉಬ್ಬಿದರೆ ಹ್ಯಾಂಡಲ್ ತಿರುಗಿಸಲಿಕ್ಕೆ ಕಷ್ಟ ಅಲ್ವಾ?

ನಾಸಿರ್: ಅದೂ ಹೌದು. ತುಂಬಾ ಜವಾಬ್ದಾರಿಯ ಯೋಜನೆ ಹಮ್ಮಿಕೊಂಡಿದ್ದೀರಿ.

ನಾಸಿರ್ ಮತ್ತೇನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಹೊಸ ವಾಷರ್, ಎರಡು ಕ್ಲಿಪ್, ಒಂದು ಮಾರು ಪೈಪು ತಂದು ಪೆಟ್ಟಿಗೆಗೆ ಹಾಕಿದ. ಸಿಲಿಂಡರಿನ ಬಾಯಿಗೆ ಇದನ್ನು ಹೇಗೆ ಕೂರಿಸಬೇಕು, ಕೀಲಿ ತಿರುಗಿಸುವಾಗ ಎದುರಿಗೆ ನಿಲ್ಲದೆ ಹೇಗೆ ಬದಿಗೆ ನಿಲ್ಲಬೇಕು, ಸಾಬೂನಿನ ನೀರು ಹಚ್ಚಿ ಎಲ್ಲಿ ಗಾಳಿ ಹೋಗುತ್ತದೆ ಎಂದು ಹೇಗೆ ನೋಡಬೇಕು, ಎಲ್ಲವನ್ನೂ ಮೂರು ಮೂರು ಸಲ ಹೇಳಿಕೊಟ್ಟ. ಮಗಳು ಆಫ್ರಾಳಿಗೆ ಸೈಕಲ್ ಕಲಿಸುವಾಗಲೂ ಅವನು ಇಷ್ಟು ತಾಳ್ಮೆ ತೋರಿಸಿರಲಿಕ್ಕಿಲ್ಲ. ಇಷ್ಟು ಒಳ್ಳೆಯ ಮನುಷ್ಯನಿಗೆ ಇಷ್ಟು ಹಸಿ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಧರ್ಣಪ್ಪನಿಗೆ ಸಂಕಟವಾಗತೊಡಗಿತು.

ನಾಸಿರ್: ನಾನೇ ಬಂದು ಫಿಟ್ ಮಾಡಿಕೊಡ್ತಿದ್ದೆ. ಭಾನುವಾರ ಕನ್ಯಾನದಲ್ಲಿ ಮದುವೆ ಉಂಟು. ಹೆದರಬೇಡಿ, ಇದರಲ್ಲಿ ತಪ್ಪಲಿಕ್ಕೆ ಎಂತ ಇಲ್ಲ.

ಧರ್ಣಪ್ಪ: ನಿಮ್ಮ ಉಪಕಾರವನ್ನು ನಾನು ಎಂದಿಗೂ ಮರೆಯಲಾರೆ.

ನಾಸಿರ್: ಉಪಕಾರ ಎಂತ ಬಂತು. ಮನೆಗೆ ಬಂದವರಿಗೆ ಜೀರಿಗೆ ಸೋಡಾ ಕೊಡುವುದು ಒಳ್ಳೆಯ ಕೆಲಸ. ಈಗ ಹೇಗೂ ಜುಮಾಕ್ಕೆ ಹೋಗ್ತಾ ಇದ್ದೇನೆ. ನಿಮ್ಮ ಸೋಡಾ ಒಳ್ಳೆದಾಗಲಿ ಅಂತ ಒಂದು ದುವಾ ಕೂಡ ಮಾಡ್ತೇನೆ.

ಧರ್ಣಪ್ಪ ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟವನು ಅಲ್ಲೇ ನಿಂತ. ಎರಡು ಮೆಟ್ಟಿಲು ಇಳಿದಿದ್ದರೆ ಗೆದ್ದಂತೆ. ಆದರೆ ತನ್ನ ಮೂವತ್ತು ಲೀಟರ್ ಬೀರಿಗಾಗಿ ಒಬ್ಬ ಮಸೀದಿಯಲ್ಲಿ ಕೈಯೆತ್ತುವುದು ಎಂದರೆ ಅವನಿಗೆ ತಡೆಯಲಾಗಲಿಲ್ಲ.

ಧರ್ಣಪ್ಪ: ಬೇಡ ನಾಸಿರೇ. ದುವಾ ಮಾತ್ರ ಮಾಡಬೇಡಿ.

ನಾಸಿರ್: ಯಾಕೆ? ಸುಮ್ಮನೆ ಹೋಗಿ ಧರ್ಣಪ್ಪಣ್ಣ. ಹೊತ್ತಾಯ್ತು.

ಧರ್ಣಪ್ಪ: ಹೇಳದೆ ಹೋದರೆ ನನಗೆ ನಿದ್ರೆ ಬರ್ಲಿಕ್ಕಿಲ್ಲ.

ನಾಸಿರ್: ಹೇಳುವುದು ಬೇಡ. ಹೋಗಿ ಅಂದೆನಲ್ಲ.

ಧರ್ಣಪ್ಪ ಹೋಗಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಆ ದಿನ ಮೊದಲ ಬಾರಿಗೆ ತುಳುವಿಗೆ ಇಳಿದ.

ಧರ್ಣಪ್ಪ: ಉಂದು ಸೋಡಗತ್ತ್ ಮಾರಾಯ್ರೆ. ಬೀರ್‌ಗ್.

ಸೋಡಾಕ್ಕಲ್ಲ, ಬೀರಿಗೆ, ಅದೂ ಅಚ್ಚ ತುಳುವಿನಲ್ಲಿ. ನಾಸಿರ್ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕುಳಿತ. ಆಮೇಲೆ ಎದ್ದು, ಪೆಟ್ಟಿಗೆಯಿಂದ ವಾಷರ್ ತೆಗೆದ, ಕ್ಲಿಪ್ ತೆಗೆದ, ಪೈಪು ಸುತ್ತಿ ಮೊಳೆಗೆ ತೂಗುಹಾಕಿದ. ಕೊನೆಗೆ ರೆಗ್ಯುಲೇಟರನ್ನು ತನ್ನ ಬದಿಗೆ ಎಳೆದುಕೊಂಡ.

ಧರ್ಣಪ್ಪ: ಸಿಟ್ಟು ಬಂತಾ?

ನಾಸಿರ್: ಬರದೆ ಮತ್ತೆ? ಅರ್ಧ ಗಂಟೆಯಿಂದ ಗೊತ್ತಾಗದ ಹಾಗೆ ಇರಲಿಕ್ಕೆ ನಾನು ಎಷ್ಟು ಕಷ್ಟಪಟ್ಟಿದ್ದೇನೆ ಗೊತ್ತುಂಟಾ?

ಧರ್ಣಪ್ಪ: ಅಂದರೆ ನಿಮಗೆ ಮೊದಲೇ ಗೊತ್ತಿತ್ತಾ?

ನಾಸಿರ್: ನೀವು ಮೆಟ್ಟಿಲಲ್ಲಿ ನಮಸ್ಕಾರ ಅನ್ನುವಾಗಲೇ ಗೊತ್ತಾಯ್ತು ಎಂತದೋ ಸುಳ್ಳು ಉಂಟು ಅಂತ. ನೀವು ಕನ್ನಡ ಮಾತಾಡುವುದು ಸುಳ್ಳು ಹೇಳ್ಲಿಕ್ಕೆ ಇದ್ದಾಗ ಮಾತ್ರ. ಊರವರಿಗೆ ಆ ಬೊಂಬಾಯಿ ಕಥೆ ಹೇಳುವಾಗಲೂ ನಿಮ್ಮದು ಕನ್ನಡವೇ.

ಧರ್ಣಪ್ಪ: ಹಾಗಾ?

ನಾಸಿರ್: ಹನ್ನೆರಡು ಪೌಂಡ್ ಅಂದಾಗ ಬೀರು ಅಂತ ಗೊತ್ತಾಯ್ತು. ಸೌದಿಯ ದಮ್ಮಾಮಿನಲ್ಲಿ ಒಂಬತ್ತು ವರ್ಷ ಗ್ಯಾಸಿನಲ್ಲೇ ಕೆಲಸ ಮಾಡಿದವ ನಾನು. ಆದರೆ ನೀವು ಹೇಳುವ ತನಕ ನನಗೆ ಗೊತ್ತಿಲ್ಲ ಅಂತ ಲೆಕ್ಕ. ಗೊತ್ತಿಲ್ಲದೆ ಕೊಟ್ಟರೆ ತಂದೆಯ ಮಾತು ಮೀರಿದ ಹಾಗೆ ಆಗುವುದಿಲ್ಲ. ನೊರೆಗೆ ನಾನೇ ಜೀರಿಗೆ ಹುಡುಕಿಕೊಟ್ಟೆ. ಬಣ್ಣ ಕೂಡ ನಾನೇ ಹೇಳಿದೆ. ಇನ್ನೆಷ್ಟು ಸಹಾಯ ಮಾಡುವುದು ಒಬ್ಬ ಮನುಷ್ಯ?

ಧರ್ಣಪ್ಪ: ನೀವು ದುವಾ ಅಂದಿರಲ್ಲ.

ನಾಸಿರ್: ಸಿಲಿಂಡರ್ ನಿಮ್ಮ ಮುಖಕ್ಕೆ ಸಿಡಿಯದೆ ಇರಲಿ ಅಂತ ಮಾಡ್ತಿದ್ದೆ. ಈಗ ನೋಡಿ. ಕನ್ನಡದಲ್ಲಿ ಬೀರು ಅಂದಿದ್ದರೂ ಇದೂ ಒಂದು ಸುಳ್ಳಿರಬೇಕು ಅಂತ ಕೊಟ್ಟುಬಿಡ್ತಿದ್ದೆ. ನೀವು ತುಳುವಿನಲ್ಲಿ ಹೇಳಿದಿರಿ.

ಧರ್ಣಪ್ಪ: ಬೇಕಾದರೆ ಕನ್ನಡದಲ್ಲಿ ಇನ್ನೊಮ್ಮೆ ಹೇಳ್ತೇನೆ. ಇದು ಸೋಡಾಕ್ಕಾಗಿ ಉಪಯೋಗಿಸಲ್ಪಡುವ ಸಾಧನವಾಗಿದೆ.

ನಾಸಿರ್: ಸಾಕು ಮಾಡಿ ಮಾರಾಯ್ರೆ.

ಧರ್ಣಪ್ಪ ಮೇಜಿಗೆ ಒರಗಿ ನಿಂತ. ಹುಟ್ಟಿದ ಮೇಲೆ ಒಮ್ಮೆ ಸತ್ಯ ಹೇಳಲು ಹೋದರೆ ಅದಕ್ಕೂ ಸರಿಯಾದ ಹೊತ್ತು ತನಗೆ ಸಿಗಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೆಯೇ ನಗು ಬಂತು. ಆಗ ಎದುರಿನ ಟೈಲರ್ ಪ್ರೇಮಾವತಿಯ ಅಂಗಡಿಯಿಂದ ರವಿಕೆಯ ಕಟ್ಟು ಹಿಡಿದುಕೊಂಡು ಸೇಸಮ್ಮ ರಸ್ತೆ ದಾಟಿ ಬಂದಳು.

ಸೇಸಮ್ಮ: ಆಯ್ತಾ ನಿಮ್ಮ ಸೋಡಾದ ವ್ಯಾಪಾರ?

ಧರ್ಣಪ್ಪ ಖಾಲಿ ಪೆಟ್ಟಿಗೆಯನ್ನು ನೋಡಿದ. ನಾಸಿರ್ ತಿರುಗುವ ಫ್ಯಾನನ್ನು ನೋಡಿದ.

ಸೇಸಮ್ಮ: ಸಾಯ್ಬ್ರೆ, ಯಾವುದು ಕೊಟ್ಟಿರಿ ಇವರಿಗೆ?

ನಾಸಿರ್: ಕೊಡಲಿಲ್ಲ ಸೇಸಮ್ಮಕ್ಕ. ಇದು ಸೋಡಾದ್ದು. ಇವರ ಬ್ಯಾರೆಲಿಗೆ ಇದು ಆಗುವುದಿಲ್ಲ.

ಸೇಸಮ್ಮ: ಯಾಕೆ ಆಗುವುದಿಲ್ಲ? ಬ್ಯಾರೆಲಿನಲ್ಲಿ ಬರುವುದು ನೀರಲ್ವಾ?

ಧರ್ಣಪ್ಪ: ನೀರಾ?

ಸೇಸಮ್ಮ: ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ನಿಮ್ಮ ಅಳಿಯ ಫೋನು ಮಾಡಿದ್ದ. "ಅತ್ತೆ, ಮಾಲು ರೆಡಿ ಉಂಟು ಅಂತ ಮಾವನಿಗೆ ಹೇಳಿ" ಅಂದ. ಎಂತ ಮಾಲು ಅಂತ ಕೇಳಿದೆ. ಅವನಿಗೆ ಕೆಮ್ಮು ಬಂತು. ನಾನು ಹೇಳಿದೆ, ನೋಡು ಜಿತೇಶ, ಸೋಡಾ ಅಂತ ನನ್ನ ಹತ್ತಿರ ಹೇಳಿದ್ದು ನಿನ್ನ ಮಾವ. ನಿನ್ನ ಮಾವ ಸುಳ್ಳು ಹೇಳುವ ಮನುಷ್ಯ ಅಲ್ಲ. ಬ್ಯಾರೆಲು ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರು ತುಂಬಿಸಿ ತಾ. ಬೇರೆ ಎಂತಾದರೂ ತಂದರೆ ಅಂಗಳಕ್ಕೆ ಬರಬೇಡ ಅಂತ.

ಧರ್ಣಪ್ಪ: ಅವ ಎಂತ ಹೇಳಿದ?

ಸೇಸಮ್ಮ: ಆಯ್ತು ಅತ್ತೆ ಅಂದ. ಎರಡು ಸಲ.

ನಾಸಿರನ ಮುಖ ಗೆಲುವಾಯಿತು. ಮೊಳೆಯಲ್ಲಿದ್ದ ಪೈಪು ಇಳಿಯಿತು, ವಾಷರ್ ಬಂತು, ಕ್ಲಿಪ್ ಬಂತು, ರೆಗ್ಯುಲೇಟರ್ ಪೆಟ್ಟಿಗೆಯ ಒಳಗೆ ಹೋಗಿ ಕುಳಿತಿತು.

ನಾಸಿರ್: ನೀರಾದರೆ ನನಗೆ ಅಡ್ಡಿ ಇಲ್ಲ. ಅರುವತ್ತು ಪೌಂಡಿಗೆ ಇಡಿ ಧರ್ಣಪ್ಪಣ್ಣ. ನೀರು ತಣ್ಣಗೆ ಇರಲಿ, ಬ್ಯಾರೆಲನ್ನು ಚೆನ್ನಾಗಿ ಅಲುಗಾಡಿಸಿ. ನಾನು ಮದುವೆಯಿಂದ ಬರುವಾಗ ಮಕ್ಕಳನ್ನು ಕರ್ಕೊಂಡು ಬರ್ತೇನೆ.

ಧರ್ಣಪ್ಪ: ಅದೆಲ್ಲ ಸರಿ. ಸುಬ್ಬಯ್ಯ ಮಾಸ್ಟ್ರು ಬಂದು ಕುಳಿತರೆ ನಾನು ಎಂತ ತೋರಿಸುವುದು?

ಬೀರು ಹೋದದ್ದಕ್ಕೆ ಅವನಿಗೆ ಅಂಥ ಬೇಸರ ಇರಲಿಲ್ಲ, ಅದರ ರುಚಿಯೂ ಅವನಿಗೆ ಅಷ್ಟು ಹಿಡಿಸುತ್ತಿರಲಿಲ್ಲ. ಇಪ್ಪತ್ತೇಳು ವರ್ಷದಿಂದ ಊರಿಗೆಲ್ಲ ತೋರಿಸಿಕೊಂಡು ಬಂದ ಆ ಇನ್‌ಚಾರ್ಜ್ ಧರ್ಣಪ್ಪ ಭಾನುವಾರ ಹನ್ನೊಂದು ಗಂಟೆಗೆ ಸಾಯುತ್ತಾನಲ್ಲ ಎಂದು ದುಃಖವಾಯಿತು. ಒಮ್ಮೆ ಬಾಯಿ ತೆರೆದದ್ದು ಆಗಿದೆ, ಉಳಿದದ್ದೂ ಹೋಗಲಿ ಎಂದುಕೊಂಡ.

ಧರ್ಣಪ್ಪ: ಸೇಸು, ನಾನು ಆ ಟ್ಯಾಪು ಮುಟ್ಟಿದ್ದೇ ಇಲ್ಲ. ಬಾರಿನ ಒಳಗೆ ನಮ್ಮನ್ನು ಬಿಡ್ತಾ ಇರಲಿಲ್ಲ. ಹನ್ನೊಂದು ವರ್ಷವೂ ನಾನು ಹಿಂದೆ ಅಡುಗೆಮನೆಯಲ್ಲಿ...

ಸೇಸಮ್ಮ: ನೀರುಳ್ಳಿ ಹೆಚ್ಚುತ್ತಿದ್ದಿರಿ.

ಧರ್ಣಪ್ಪ: ನಿನಗೆ ಯಾರು ಹೇಳಿದ್ದು?

ಸೇಸಮ್ಮ: ಯಾರು ಹೇಳಬೇಕು? ಮದುವೆಯಾದ ಮರುವಾರ ನನಗೆ ಜ್ವರ ಬಂದದ್ದು ನೆನಪುಂಟಾ? ನೀವು ಮಣೆಯ ಮೇಲೆ ಕುಳಿತು ಎರಡು ಸೇರು ನೀರುಳ್ಳಿ ಹೆಚ್ಚಿ ಇಟ್ಟಿರಿ, ನೂಲಿನ ಹಾಗೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಇದು ಟ್ಯಾಪು ತಿರುಗಿಸಿದ ಕೈ ಅಲ್ಲ ಅಂತ ಅವತ್ತೇ ಗೊತ್ತಾಯ್ತು. ಭಾನುವಾರ ಮಾಸ್ಟ್ರಿಗೆ ಅದನ್ನೇ ತೋರಿಸಿ. ಸೋಡಾದ ಜೊತೆಗೆ ನೀರುಳ್ಳಿ ಬಜೆ ಕರಿದು ಕೊಡುವ.

ನಾಸಿರ್ ಬಾಗಿಲ ಒಂದು ಹಲಗೆ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದ.

ಧರ್ಣಪ್ಪ: ಗೊತ್ತಿದ್ದೂ ಇಪ್ಪತ್ತೇಳು ವರ್ಷ ಸುಮ್ಮನೆ ಇದ್ದಿಯಾ? ಒಂದು ಮಾತು ಹೇಳಬಾರದಿತ್ತಾ?

ಸೇಸಮ್ಮ: ಹೇಳಿದರೆ ನೀವು ನಾಚಿಕೆಯಲ್ಲಿ ಹೆಚ್ಚುವುದನ್ನು ನಿಲ್ಲಿಸಿದರೆ? ನೀರುಳ್ಳಿ ಹೆಚ್ಚಿದರೆ ನನಗೆ ಕಣ್ಣು ಉರಿಯುತ್ತದೆ.